ಒದ್ದೆ ಕೈಗಳ ಸಭೆ

ಒಗೆಯುವ ಕಟ್ಟೆ
ಶುಕ್ರವಾರ, ಇಳಿಹೊತ್ತು

ನೊರೆಪುಟ್ಟೀ,

ನೀವು ಕೊಡುತ್ತೇವೆಂದು ಹೇಳಿದ್ದು: ಕಟ್ಟೆಗೆ ಸೂರು, ಹಗಲಿಡೀ ನೀರು, ಜಾಗದ ಹಕ್ಕುಪತ್ರ. ಸೂರು ಬಂತು. ನೀರು ಅರ್ಧ ಹೊತ್ತು ಬಂತು. ಹಕ್ಕುಪತ್ರ ಕೇಳಿದಾಗಲೆಲ್ಲ ಮುಂದಿನ ಅಧಿವೇಶನ ಎಂದಿರಿ. ಈಗ ಕಟ್ಟೆಯೇ ಬೇಡ ಎನ್ನುತ್ತಿದ್ದೀರಿ; ಇಲ್ಲಿ ಕಾರು ನಿಲ್ಲಿಸುವ ಮಹಡಿ ಏಳುತ್ತದಂತೆ. ಇಷ್ಟು ನಮ್ಮೆಲ್ಲರ ಮಾತು, ಮಂತ್ರಿಗಳಾದ ನಿಮಗೆ. ಇನ್ನುಳಿದದ್ದು ನಿನ್ನ ಅಮ್ಮ ನಿನಗೆ ಬರೆಯುತ್ತಿರುವುದು.

ಆಸ್ಪತ್ರೆಯ ಬಿಳಿ ಹೊದಿಕೆಗಳನ್ನು ಈಗಷ್ಟೇ ಹಗ್ಗಕ್ಕೆ ಹಾಕಿ ಕೂತಿದ್ದೇನೆ. ಗಾಳಿಗೆ ಅವು ಉಬ್ಬಿದರೆ ಇಡೀ ಕಟ್ಟೆ ನೆಲ ಬಿಟ್ಟು ತೇಲಿದ ಹಾಗಿರುತ್ತದೆ. ಒಂದು ಹೊದಿಕೆಯ ಹಿಂದೆ ಚಿಕ್ಕಂದಿನ ನಿನ್ನ ನೆರಳು. ಅಂಗೈಯಲ್ಲಿ ನೊರೆ ಹಿಡಿದು ಓಡಿ ಬರುತ್ತೀಯ, ಒಡೆಯುವ ಮುಂಚೆ ನನಗೆ ತೋರಿಸಬೇಕೆಂದು. ಹೊದಿಕೆ ಸರಿಸಿದರೆ ಬರೀ ಬಿಸಿಲು.

ನಿನ್ನನ್ನು ಪುರಸಭೆಗೆ ನಿಲ್ಲಿಸಿದವರು ನಾವು. ಬಟ್ಟೆ ಬಡಿಯುವ ಸದ್ದನ್ನೂ ಮೀರಿ ಕೇಳುವ ಗಂಟಲು ನಿನ್ನೊಬ್ಬಳದೇ ಆಗಿತ್ತು. ಗೆದ್ದ ಮೇಲೆ ನೀನೇ ಕಟ್ಟಳೆ ಮಾಡಿದೆ: ವಾರ್ಡಿನ ಸಭೆ ಕಟ್ಟೆಯ ಮೇಲೇ, ಕೆಲಸದ ಹೊತ್ತಿನಲ್ಲೇ, ಎತ್ತಿದ ಕೈ ಒದ್ದೆಯಿದ್ದರೆ ಮಾತ್ರ ಓಟು. ಚರಂಡಿ ಗುತ್ತಿಗೆದಾರ ಗರಿಗರಿ ಅಂಗಿ ತೊಟ್ಟು ಬಂದಾಗ ನಿನ್ನ ಸೋದರತ್ತೆ, "ಮೊದ್ಲು ಈ ಕಂಬಳಿ ಹಿಂಡಿ ಸ್ವಾಮಿ, ಆಮೇಲೆ ಮಾತಾಡಿ" ಅಂದಳು. ಹಿಂಡಿದ ಪುಣ್ಯಾತ್ಮ. ಚರಂಡಿಯೂ ಆಯಿತು.

ಪುರಸಭೆಯ ಅಧ್ಯಕ್ಷೆಯಾದಾಗ ಬಂದು ಕಲ್ಲಿನ ಮೇಲೆ ಕೂತೆ, ಕೈ ಅದ್ದಲಿಲ್ಲ. ಶಾಸಕಿಯಾದಾಗ ನಿಂತೇ ಮಾತಾಡಿ ಹೋದೆ. ಮಂತ್ರಿಯಾದ ಮೇಲೆ ಕಾರಿನ ಗಾಜು ಅರ್ಧ ಇಳಿಯಿತು, ಅಷ್ಟೇ. ಈಗ ನಿನ್ನ ಕಾರ್ಯದರ್ಶಿ ಬರುತ್ತಾನೆ. ಅವನು ಕರೆತಂದ ಅಳತೆಯವರು ಮೊದಲು ಒಡೆದದ್ದು ನೀನು ಕೂರುತ್ತಿದ್ದ ಕಲ್ಲನ್ನೇ. ಮೇಡಂಗೆ ಈ ಜಾಗದ ಮೇಲೆ ತುಂಬಾ ಪ್ರೀತಿ, ದೊಡ್ಡ ಫೋಟೋ ತೆಗೆಸಿ ಗೋಡೆಗೆ ಹಾಕಿಸುತ್ತಾರೆ ಎಂದ. "ಫೋಟೋದಲ್ಲಿ ಬಟ್ಟೆ ಒಗೆಯೋಕಾಗುತ್ತೇನಪ್ಪಾ?" ಅಂದೆ. ನನಗೆ ನಿನ್ನ ಬಂಗಲೆಯಲ್ಲಿ ಕೋಣೆ ಸಿದ್ಧವಿದೆಯಂತೆ. ಅತ್ತೆಗೆ? ಇಲ್ಲಿ ದುಡಿಯುವ ಉಳಿದವರಿಗೆ?

ಮೊನ್ನೆ ಮಧ್ಯಾಹ್ನ ಇಲ್ಲೇ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ನಿನ್ನ ಸದನದೊಳಗೆ ನೀರು ಹರಿದು ಬಂತು. ಮೇಜುಗಳ ನಡುವೆ ನೊರೆ ಮೆಲ್ಲಗೆ ಏರುತ್ತಿತ್ತು; ಸಭಾಧ್ಯಕ್ಷರು ಕಾಲು ಮಡಚಿ ಪೀಠದ ಮೇಲೆ ಕೂತಿದ್ದರು. ನಾವು ಹೆಂಗಸರೆಲ್ಲ ಮೊಣಕಾಲುದ್ದ ನೀರಿನಲ್ಲಿ ನಡೆದು ಒಳಬಂದೆವು, ಯಾರೂ ತಡೆಯಲಿಲ್ಲ. ಒಂದಿಷ್ಟೂ ಸದ್ದಿಲ್ಲ. ನೀನು ಕೈ ಎತ್ತಿದೆ. ಒದ್ದೆಯೋ ಒಣಗಿದ್ದೋ ನೋಡುವಷ್ಟರಲ್ಲಿ ಎಚ್ಚರವಾಯಿತು.

ನಿಜದಲ್ಲಿ ನೋಡಬೇಕು. ಅದಕ್ಕೇ ಈ ಕಾಗದ. ಕಟ್ಟೆ ಕೆಡವುವ ಆದೇಶ ವಾಪಸಾಗಬೇಕು, ಹಕ್ಕುಪತ್ರ ಬರಬೇಕು. ಹೊಟ್ಟೆಯಲ್ಲಿ ಹುಟ್ಟಿದವಳೆಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಿಡುವವಳಲ್ಲ ನಾನು. ಬುಲ್ಡೋಜರ್ ಬಂದರೆ ಅದರೆದುರು ಮೊದಲು ಕೂರುವವಳು ನಾನೇ. ಡ್ರೈವರ್‌ಗೆ ನನ್ನ ಗುರುತು ಹೇಳಿ ಕಳಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಟೀವಿಯಲ್ಲಿ ಸೊರಗಿ ಕಾಣುತ್ತೀಯ.

ನಿನ್ನನ್ನು ಹೆತ್ತವಳು, ನಿನ್ನೆದುರು ಕೂತವಳು,
ಅಮ್ಮ

ಮರೆತಿದ್ದೆ: ಸೋಮವಾರ ಹತ್ತು ಗಂಟೆಗೆ ಆ ಕಾರು ಮಹಡಿಯ ಸಮಾರಂಭಕ್ಕೆಂದು ನಿನ್ನ ಹೆಸರು ಕೆತ್ತಿಸಿ ತಂದಿಟ್ಟಿದ್ದ ಅಡಿಗಲ್ಲು ಕಾಣೆಯಾಗಿದೆಯೆಂದು ಪೊಲೀಸರು ಊರೆಲ್ಲ ಅಲೆಯುತ್ತಿದ್ದಾರೆ. ಪಾಪ, ನಿಲ್ಲಿಸು. ಅಳತೆಯವರು ಒಡೆದ ಕಲ್ಲಿನ ಜಾಗದಲ್ಲಿ ನಾವೇ ಅದನ್ನು ಹಾಸಿಕೊಂಡಿದ್ದೇವೆ. ಒಳ್ಳೆಯ ನುಣುಪು, ಬಟ್ಟೆ ಹರಿಯುವುದಿಲ್ಲ. ಹೆಸರಿನ ಮಗ್ಗುಲು ಮೇಲಿರಲಿ, ಚೆನ್ನಾಗಿ ಬಡಿಯೋಣ ಎಂದರು ಎಲ್ಲರೂ. ನನಗೆ ಕೈ ಏಳಲಿಲ್ಲ. ಬೋರಲು ಹಾಕಿಸಿದೆ. ಸಭೆ ಅದೇ ಕಲ್ಲಿನ ಸುತ್ತ, ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ.