ಅಡ್ಡ ತಿರುಗಲು ಬಾರದ ಗೊಂಬೆ

ಜೂನ್ 4, ಬುಧವಾರ, ಬೆಳಗ್ಗೆ

ಇವತ್ತೂ ಬಿದ್ದೆ. ಅಂದರೆ ಕಂಪ್ಯೂಟರಿನಲ್ಲಿ ನಾನು ಮಾಡುತ್ತಿರುವ ಆಟದ ಗೊಂಬೆ ಬಿತ್ತು. ಪ್ಲೇ ಒತ್ತಿದ ಕೂಡಲೇ ನೆಲದೊಳಗೆ ಇಳಿದು ಹೋಯಿತು. ನೆಲ ಕಣ್ಣೆದುರಿಗೇ ಇದೆ, ಟೈಲ್ಸ್ ಫಳಫಳ ಹೊಳೆಯುತ್ತಿದೆ, ಕಾಲು ಮಾತ್ರ ನಿಲ್ಲುವುದಿಲ್ಲ. ಕೊಲಿಶನ್ ಹಾಕಿಲ್ಲವಂತೆ. ನೆಲ ಕಂಡರೆ ಸಾಲದು, ‘ನಾನಿದ್ದೇನೆ, ನನ್ನ ಮೇಲೆ ನಿಲ್ಲು’ ಎಂದು ಅದಕ್ಕೆ ಬೇರೆಯಾಗಿ ಕಲಿಸಬೇಕಂತೆ. ಹಾಗೆಂದವರು ಓಕೆನಾ ಸರ್. ಗೇಮ್ ಕ್ಲಾಸಿನ ಮೇಷ್ಟ್ರು, ನನಗಿಂತ ಚಿಕ್ಕವರು. ಪ್ರತಿ ಮಾತಿನ ಕೊನೆಗೂ ‘ಓಕೆನಾ?’ ಅನ್ನುತ್ತಾರೆ. ಓಕೆ ಅಲ್ಲ. ಏನೂ ಓಕೆ ಅಲ್ಲ.

ಫೋಟೋ ಸ್ಟುಡಿಯೋದಲ್ಲಿ ಇಷ್ಟು ವರ್ಷ ಜನರ ಬೆನ್ನ ಹಿಂದೆ ಬೆಟ್ಟ, ಜಲಪಾತ, ಅರಮನೆ ಅಂಟಿಸಿದ್ದೇ ಅಂಟಿಸಿದ್ದು. ಸ್ಟುಡಿಯೋ ಮುಚ್ಚಿತು. ಓನರ್ ಹೋಗುವಾಗ ಕಂಪ್ಯೂಟರ್ ನನಗೇ ಬಿಟ್ಟು ಹೋದರು. ಅಂಟಿಸಿದ ಬೆಟ್ಟ ಸಾಕು, ಹತ್ತಬಹುದಾದ ಬೆಟ್ಟ ಮಾಡೋಣ ಎಂದು ಈ ಕ್ಲಾಸಿಗೆ ಸೇರಿದೆ. ಈಗ ನೋಡಿದರೆ ನೆಲವೇ ಕೈಕೊಡುತ್ತಿದೆ.

ಬರೆಯುತ್ತಿರುವಾಗಲೇ ವಾಷಿಂಗ್ ಮಷೀನ್ ಕುಣಿಯಲು ಶುರುಮಾಡಿತು. ಮಂಚವೂ ಜೊತೆಗೆ ಕುಣಿಯುತ್ತಿದೆ. ಅಕ್ಷರ ಸೊಟ್ಟ.

ಜೂನ್ 7, ಶನಿವಾರ

ಕೊಲಿಶನ್ ಬಂತು. ಗೊಂಬೆ ನಿಂತಿತು! ಕುಣಿಯುವಷ್ಟು ಖುಷಿ. ಹಾಲ್‌ನಲ್ಲಿ ಯಾರೂ ಇರಲಿಲ್ಲ, ನಾನೇ ಚಪ್ಪಾಳೆ ಹೊಡೆದುಕೊಂಡೆ. ಕಂಪ್ಯೂಟರ್ ಹಾಲ್‌ನಲ್ಲೇ ಇಟ್ಟುಕೊಂಡಿದ್ದೇನೆ — ನನ್ನ ರೂಮಿನಲ್ಲಿ ಹಿಡಿಯುವುದಿಲ್ಲ. ರೂಮ್ ಅಂತೆ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗ. ಮೇಲೆ ಅಟ್ಟ, ಅಟ್ಟದ ತುಂಬ ಟ್ರಂಕು. ಕೆಳಗೆ ಮಷೀನು, ಮಷೀನಿನ ಪಕ್ಕ ಮಂಚ, ಮಂಚದ ಮೇಲೆ ನಾನು. ಕಿಟಕಿ ಇಲ್ಲ.

ಗಂಡನ ಮನೆ ಬಿಟ್ಟು ಬಂದ ದಿನ ಅಣ್ಣನೇ ಬಂದು ಕರೆದುಕೊಂಡು ಬಂದಿದ್ದ. ಒಳ್ಳೆಯವನು, ಇಲ್ಲವೆನ್ನುವುದಿಲ್ಲ. ಬ್ಯಾಗ್ ತಾನೇ ಹೊತ್ತ. ಇದು ನಿನ್ನ ಮನೆ ಕಣೇ ಎಂದು ಬಾಗಿಲಲ್ಲೇ ನಿಂತು ಅತ್ತ. ನಾನೂ ಅತ್ತೆ. ಆಮೇಲೆ ನಾಲ್ಕು ದಿನ ಅಡ್ಜಸ್ಟ್ ಮಾಡಿಕೋ ಎಂದ, ಅಪ್ಪನ ಕೋಣೆಗೆ ಪೇಂಟ್ ಹೊಡೆಸಿ ಕೊಡುತ್ತೇನೆ ಎಂದ. ಮುಂಬಾಗಿಲ ಪಕ್ಕದ ಕೋಣೆ ಅದು. ಎರಡು ಕಿಟಕಿ. ಅಪ್ಪ ಹೋದಮೇಲೆ ಬೀಗ.

ಆ ನಾಲ್ಕು ದಿನ ಮುಗಿದು ಎರಡು ಮಳೆಗಾಲ ಆಯಿತು.

ಇವತ್ತು ಮತ್ತೆ ಕೇಳಿದೆ. ‘ಪೇಂಟ್ ಒಂದಾಗ್ಲಿ ಕಣೇ, ಆಮೇಲೆ ಆ ರೂಮ್ ನಿಂದೇ’ ಎಂದ. ಟಿವಿಯಿಂದ ಕಣ್ಣು ಕೀಳದೆ.

ಜೂನ್ 12, ಗುರುವಾರ

ಪ್ರಾಜೆಕ್ಟ್ ಕೊಟ್ಟಿದ್ದಾರೆ. ನೀವು ನಿಜವಾಗಿ ಓಡಾಡಿದ ಒಂದು ಜಾಗ ಮಾಡಿ, ಆಡುವವರು ಅದರಲ್ಲಿ ಓಡಾಡಬೇಕು, ಓಕೆನಾ? ಕ್ಲಾಸಿನ ಹುಡುಗರಲ್ಲಿ ಒಬ್ಬ ಅಂತರಿಕ್ಷ ನೌಕೆ ಮಾಡುತ್ತಾನಂತೆ. ಓಡಾಡಿದ್ದಾನಂತೆ!

ನಾನು ಅಪ್ಪನ ಕೋಣೆ ಮಾಡುತ್ತೇನೆ. ಕೊಡುವುದಿಲ್ಲ ತಾನೇ, ಕಟ್ಟಿಕೊಳ್ಳುತ್ತೇನೆ.

ಜೂನ್ 14, ಶನಿವಾರ, ಮಧ್ಯಾಹ್ನ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಅಳತೆ ತೆಗೆದುಕೊಳ್ಳಬೇಕು ಎಂದು ಅತ್ತಿಗೆಯ ಹತ್ತಿರ ಕೀ ಕೇಳಿದೆ. ಸ್ವಲ್ಪ ಹೊತ್ತು ಕೊಡಲೋ ಬೇಡವೋ ಎಂಬಂತೆ ನಿಂತರು. ಕೊಟ್ಟರು. ಬಾಗಿಲು ತೆಗೆದರೆ — ಪೇಂಟ್ ಆಗಿದೆ. ಆಗಿದೆ! ಇವತ್ತು ನೆನ್ನೆ ಹೊಡೆದದ್ದಲ್ಲ, ವಾಸನೆಯೂ ಇಲ್ಲ. ಕೆನೆ ಬಣ್ಣ. ಹೊಸ ಪರದೆ. ಮಂಚದ ಮೇಲೆ ಮಡಿಕೆ ಬಿಚ್ಚದ ಹಾಸು. ನಡುಮಧ್ಯೆ ಅಣ್ಣನ ವ್ಯಾಯಾಮದ ಸೈಕಲ್, ತುಳಿಯದೆ ತುಳಿಯದೆ ಪೆಡಲ್ ಮೇಲೆ ಧೂಳು.

ಸೈಕಲ್‌ಗೆ ಎರಡು ಕಿಟಕಿ. ನನಗೆ ಮಷೀನು.

ಅಣ್ಣನನ್ನು ಕೇಳಿದೆ. ಮುಖ ಇಂಗು ತಿಂದ ಮಂಗನಂತಾಯಿತು. ಆಮೇಲೆ ಸಾವರಿಸಿಕೊಂಡು, ಯಾರಾದರೂ ಬಂದರೆ ಎಲ್ಲಿ ಮಲಗಿಸುವುದು, ನೀನಾದರೆ ಮನೆಯವಳು, ನಡೆದು ಹೋಗುತ್ತದೆ ಎಂದ. ಮನೆಯವಳು ಎಂಬ ಕಾರಣಕ್ಕೆ ಮನೆಯಲ್ಲಿ ಜಾಗ ಇಲ್ಲ. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿತನೋ.

ಅಪ್ಪನ ಕೋಣೆಯ ಫೈಲ್ ಡಿಲೀಟ್ ಮಾಡಿದೆ. ಎರಡು ಗೋಡೆ ಎದ್ದಿದ್ದವು. ಹೋಗಲಿ.

ಜೂನ್ 15, ಭಾನುವಾರ

ನನ್ನ ರೂಮ್ ಮಾಡುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ. ಟೇಪ್ ಹಿಡಿದು ಅಳೆದೆ. ಅಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜೂನ್ 21, ಶನಿವಾರ

ಮಷೀನ್ ಚೆನ್ನಾಗಿ ಬಂದಿದೆ. ಕೆಂಪು ಬಕೆಟ್, ಕಿವಿ ಮುರಿದದ್ದು — ಅದೂ ಬಂದಿದೆ. ಗೋಡೆಯ ತೇವ ಮಾಡಲು ಇಡೀ ದಿನ ಹಿಡಿಯಿತು. ನಿಜವಾದ ಗೋಡೆಯ ಫೋಟೋ ತೆಗೆದು ಅಂಟಿಸಿದರೆ ಸುಳ್ಳು ಗೋಡೆಯಂತೆ ಕಾಣುತ್ತದೆ, ಏನು ಕರ್ಮವೋ. ಹಸಿರು, ಕಂದು, ಮತ್ತೆ ಹಸಿರು ಪದರ ಕೊಟ್ಟು ಕೊಟ್ಟು ಸಾಕಾಯಿತು. ಕೊನೆಗೆ ಬಂತು. ನೋಡಿದರೆ ಮೂಗಿಗೆ ವಾಸನೆ ಬರಬೇಕು, ಹಾಗೆ ಬಂತು.

ಬೆಳಕು ಎಲ್ಲಿಂದ ಎಂದು ಸಾಫ್ಟ್‌ವೇರ್ ಕೇಳುತ್ತದೆ. ಒಂದು ಬಲ್ಬು, ಮಾರಾಯ. ಅಷ್ಟೇ.

ಜೂನ್ 26, ಗುರುವಾರ

ಗೊಂಬೆ ಸಿಕ್ಕಿಹಾಕಿಕೊಂಡಿದೆ. ಮಂಚದ ಪಕ್ಕದಲ್ಲಿ ಆಟ ಶುರುವಾಗುತ್ತದೆ, ಹೊರಗೆ ಬರಬೇಕು. ಬರಲು ಆಗುತ್ತಿಲ್ಲ. ಬಾಗಿಲು ಮೊದಲೇ ಕಿರಿದು, ಅರ್ಧಕ್ಕೆ ಮಷೀನು ಅಡ್ಡ. ಗೊಂಬೆ ಬಂದು ಹಾಯುತ್ತದೆ, ನಿಲ್ಲುತ್ತದೆ, ಇದ್ದಲ್ಲೇ ಕಾಲಾಡಿಸುತ್ತದೆ.

ಓಕೆನಾ ಸರ್ ನೋಡಿ ನಕ್ಕರು. ಸ್ಕೇಲ್ ತಪ್ಪಿದೆ ಎಂದರು. ತಪ್ಪಿಲ್ಲ ಎಂದೆ. ‘ಇಷ್ಟು ಚಿಕ್ಕ ರೂಮ್ ಎಲ್ಲೂ ಇರಲ್ಲ ಮೇಡಂ’ ಎಂದರು. ಇದೆ ಸರ್ ಎಂದೆ. ದನಿ ಸ್ವಲ್ಪ ಜೋರಾಯಿತೇನೋ, ಅಂತರಿಕ್ಷದ ಹುಡುಗನೂ ತಿರುಗಿ ನೋಡಿದ.

ಸರ್ ಕುಳಿತು ನಿಧಾನವಾಗಿ ಹೇಳಿಕೊಟ್ಟರು. ಆಟದಲ್ಲಿ ಮನೆ ಕಟ್ಟುವಾಗ ನಿಜದ ಅಳತೆ ಹಾಕುವುದಿಲ್ಲವಂತೆ. ಬಾಗಿಲು ಅಗಲ, ಸೂರು ಎತ್ತರ, ಎಲ್ಲ ಒಂದು ಸುತ್ತು ದೊಡ್ಡದು. ನಿಜದ ಅಳತೆ ಹಾಕುವುದೇ ಹೊಸಬರೆಲ್ಲ ಮಾಡುವ ತಪ್ಪಂತೆ. ನೀವು ಆ ಬಾಗಿಲಲ್ಲಿ ಹೇಗೆ ಓಡಾಡುತ್ತೀರಿ ಎಂದು ಕೇಳಿದರು.

ಅಡ್ಡ ತಿರುಗುತ್ತೇನೆ, ಉಸಿರು ಒಳಗೆಳೆದುಕೊಳ್ಳುತ್ತೇನೆ, ತಲೆ ಬಗ್ಗಿಸುತ್ತೇನೆ, ಬರುತ್ತೇನೆ. ಹೇಳುವಾಗಲೇ ಮೈ ಉರಿಯಿತು. ಇದನ್ನೆಲ್ಲ ಯಾವಾಗ ಕಲಿತೆ? ಕಲಿತದ್ದೇ ಗೊತ್ತಿಲ್ಲ. ಗೊಂಬೆಗೆ ಅಡ್ಡ ತಿರುಗುವುದು ಬರುವುದಿಲ್ಲ. ಅದಕ್ಕೆ ಅಡ್ಜಸ್ಟ್ ಮಾಡಿಕೊಳ್ಳುವುದನ್ನು ಯಾರೂ ಹೇಳಿಕೊಟ್ಟಿಲ್ಲ.

ಬಾಗಿಲು ದೊಡ್ಡದು ಮಾಡಿ, ಓಕೆನಾ ಎಂದರು ಸರ್. ಮಾಡುವುದಿಲ್ಲ. ಫೇಲ್ ಮಾಡಿದರೂ ಚಿಂತೆಯಿಲ್ಲ.

ಜೂನ್ 29, ಭಾನುವಾರ, ಸಂಜೆ

ಆಯಿತು. ನಾನು ಮಾಡಿದ್ದಲ್ಲ, ತಾನಾಗಿಯೇ ಆಯಿತು. ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಅತ್ತಿಗೆಯ ಅಪ್ಪ ಅಮ್ಮ ಬಂದಿದ್ದರು. ಊಟಕ್ಕೆ ಮಾತ್ರ, ಉಳಿಯಲಿಲ್ಲ. ಅವರು ಎಂದೂ ಉಳಿಯುವವರಲ್ಲ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ. ಅಣ್ಣನಿಗೆ ಜಂಬ ಬಂತು — ನನ್ನ ತಂಗಿ ಗೇಮ್ ಮಾಡುತ್ತಾಳೆ, ನೋಡಿ ಎಂದು ತಾನೇ ಕಂಪ್ಯೂಟರ್ ಮುಂದೆ ಕುಳಿತ. ಬೇಡ ಅಣ್ಣ, ಇನ್ನೂ ಮುಗಿದಿಲ್ಲ ಎಂದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಪ್ಲೇ ಒತ್ತಿದ.

ಆಟದೊಳಗೆ ಮಂಚದ ಪಕ್ಕ ಎದ್ದ. ಅಟ್ಟಕ್ಕೆ ಬಡಿದ. ತಿರುಗಿದ, ಮಷೀನಿಗೆ ಹಾಯ್ದ. ಬಾಗಿಲಿಗೆ ಬಂದ, ನಿಂತ. ಹಿಂದೆ ಹೋದ, ಮತ್ತೆ ಬಂದ, ಮತ್ತೆ ನಿಂತ. ಅವನ ಮಾವ ನಗಲು ಶುರುಮಾಡಿದರು. ಅಣ್ಣನಿಗೂ ನಗು.

‘ಹೊರಗೆ ಬರೋದು ಹೆಂಗೇ ಇದ್ರಲ್ಲಿ? ಯಾವ ಗೂಡೇ ಇದು? ನಾಯಿ ಕಟ್ಟೋ ಜಾಗನಾ?’

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಅವರ ಕಣ್ಣು ಕೆಂಪು ಬಕೆಟ್ ಮೇಲಿತ್ತು. ದಿನಾ ಬೆಳಗ್ಗೆ ಅದನ್ನು ಎತ್ತುವವರು ಅವರೇ. ಟೀ ಮಾಡುತ್ತೇನೆ ಎಂದು ಎದ್ದು ಹೋದರು.

ಅಣ್ಣ ಇನ್ನೂ ಬಾಗಿಲು ಗುದ್ದುತ್ತಿದ್ದ. ಅವನಿಗೆ ಗುರುತೇ ಸಿಕ್ಕಿಲ್ಲ! ತೇವ, ಬಲ್ಬು, ಅಟ್ಟ, ನನ್ನ ಹಳದಿ ಟವೆಲ್ — ಒಂದೂ. ಗುರುತು ಹೇಗೆ ಸಿಗಬೇಕು, ಒಳಗೆ ಕಾಲಿಟ್ಟಿದ್ದರೆ ತಾನೇ? ನನ್ನನ್ನು ಅಲ್ಲಿ ಮಲಗಿಸಿದ ಮೇಲೆ ಒಂದು ದಿನ, ಒಂದೇ ಒಂದು ದಿನ ಇಣುಕಿ ನೋಡಿಲ್ಲ. ನಾಯಿ ಎಂದದ್ದಕ್ಕಿಂತ ಇದಕ್ಕೆ ಸಿಟ್ಟು ನೆತ್ತಿಗೇರಿತು.

ಎಲ್ಲಿ ನೋಡಿ ಮಾಡಿದೆ ಎಂದು ಕೇಳಿದ. ಮಾವ, ಅತ್ತೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

‘ಅಡುಗೆಮನೆ ದಾಟಿ ಹೋಗಿ ನೋಡು ಅಣ್ಣ’ ಎಂದೆ. ‘ಲೈಟ್ ಸ್ವಿಚ್ ಮಷೀನ್ ಹಿಂದೆ ಇದೆ. ಬಗ್ಗಬೇಕು.’

ಪರದೆಯ ಮೇಲೆ ಗೊಂಬೆ ಬಾಗಿಲಲ್ಲಿ ಕಾಲಾಡಿಸುತ್ತಲೇ ಇತ್ತು. ಅಣ್ಣನ ಕೈ ಕೀ ಮೇಲೆ ಒತ್ತಿದ್ದು ಒತ್ತಿದ ಹಾಗೇ ಇತ್ತು.

ಜೂನ್ 30, ಸೋಮವಾರ

ಅಣ್ಣನಿಗೆ ನನ್ನ ಜೊತೆ ಮಾತಿಲ್ಲ. ಮಾನ ಕಳೆದೆನಂತೆ, ಅತ್ತಿಗೆಯ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು. ಕೇಳಿಸಲೇಬೇಕು, ಗೋಡೆ ಅಷ್ಟು ತೆಳು.

ಸಾರಿ ಕೇಳುತ್ತಾನೆ ಎಂದು ಕಾಯುತ್ತಿದ್ದೇನಾ? ಛೆ. ಕಾಯುತ್ತಿದ್ದೇನೆ.

ಜುಲೈ 3, ಗುರುವಾರ

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ.

ಬೆಳಗ್ಗೆ ಅಣ್ಣ ಬಂದ. ಬಾಗಿಲಾಚೆಯೇ ನಿಂತ. ಮುಖ ಸಣ್ಣದು ಮಾಡಿಕೊಂಡು, ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದ. ಅಪ್ಪನ ಕೋಣೆಯ ಕೀ ಕೊಡುತ್ತಾನೆ ಎಂದುಕೊಂಡೆ. ದೇವರಾಣೆಗೂ ಕೈ ಚಾಚಲು ಹೊರಟಿದ್ದೆ.

‘ಗಾರೆಯವನಿಗೆ ಹೇಳಿದೀನಿ ಕಣೇ. ನಾಳೆ ಬರ್ತಾನೆ. ಈ ಬಾಗಿಲು ಅಗಲ ಮಾಡಿಸ್ಬಿಡೋಣ.’

ಬಾಗಿಲು ಅಗಲ! ಓಕೆನಾ ಸರ್ ಹೇಳಿದ್ದೇ ಪರಿಹಾರ. ಇವನೂ ಕ್ಲಾಸಿಗೆ ಸೇರಬಹುದು. ಖರ್ಚು ಮಾಡುತ್ತಾನೆ, ಗೋಡೆ ಒಡೆಸುತ್ತಾನೆ, ಮನೆಯೆಲ್ಲ ಧೂಳು ಎಬ್ಬಿಸುತ್ತಾನೆ — ಬೀಗ ಮಾತ್ರ ತೆಗೆಯುವುದಿಲ್ಲ. ಮೇಲಾಗಿ ಥ್ಯಾಂಕ್ಸ್ ಹೇಳಲಿ ಎಂಬಂತೆ ನಿಂತಿದ್ದ. ನಾನು ಹಲ್ಲು ಕಡಿದ ಸದ್ದು ಕೇಳಿಸಿತೋ ಏನೋ.

ಜುಲೈ 4, ಶುಕ್ರವಾರ

ಗಾರೆಯವನು ಬಂದ. ಒಳಗಿರುವುದೆಲ್ಲ ಖಾಲಿ ಮಾಡಿ, ಗಾರೆ ಒಣಗುವವರೆಗೆ ಇಲ್ಲಿ ಯಾರೂ ಮಲಗುವ ಹಾಗಿಲ್ಲ ಎಂದ. ಅಣ್ಣ ಆಫೀಸಿಗೆ ಹೋಗಿಯಾಗಿತ್ತು. ಹಾಲ್‌ನಲ್ಲಿ ಹಾಸಿಕೋ ಎಂದು ಹೇಳಿ ಹೋಗಿದ್ದ.

ಹಾಸಿಗೆ ಸುತ್ತಿ ಎತ್ತಿಕೊಂಡೆ. ಹಾಲ್‌ನಲ್ಲಿ ಹಾಕಲಿಲ್ಲ. ಅಪ್ಪನ ಕೋಣೆಯ ಮುಂದೆ ಹೋಗಿ ನಿಂತೆ. ಒಡೆದಾದರೂ ಸರಿ ಎಂದು ನಿಂತೆ. ಅತ್ತಿಗೆ ಅಡುಗೆಮನೆಯಿಂದ ಬಂದರು, ಕೈ ಒರೆಸಿಕೊಳ್ಳುತ್ತಾ. ಜಗಳಕ್ಕೆ ಸಿದ್ಧವಾಗಿದ್ದೆ. ಅವರ ಮೇಲೆ ಇಷ್ಟು ದಿನ ಕೂಡಿಟ್ಟದ್ದೆಲ್ಲ ನಾಲಿಗೆ ತುದಿಯಲ್ಲಿತ್ತು.

ಅವರು ಬೀಗ ತೆಗೆದರು.

‘ಒಳಗಿನ ಚಿಲಕ ಸ್ವಲ್ಪ ಸಡಿಲ. ಬಾಗಿಲನ್ನ ಎತ್ತಿ ಹಿಡಿದು ಹಾಕು, ಬೀಳುತ್ತೆ’ ಎಂದರು.

ಅವರಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಅವರಿಗೂ ಯಾವುದೋ ದಿನ ಒಳಗೆ ಚಿಲಕ ಹಾಕಿಕೊಂಡು ಕೂರಬೇಕೆನಿಸಿತ್ತೇನೋ. ಇಬ್ಬರೂ ಸೇರಿ ಸೈಕಲ್ ಎತ್ತಿ ಹೊರಗಿಟ್ಟೆವು. ಹೆಣಭಾರ. ಕಂಪ್ಯೂಟರ್ ಒಳಗೆ ತಂದೆವು. ಕಿಟಕಿ ತೆಗೆದೆ. ಎರಡೂ. ಅಳು ಬಂತು, ಸಿಟ್ಟಿನ ಅಳು. ಇಷ್ಟಕ್ಕೆ, ಇಷ್ಟೇ ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ?

ಅಣ್ಣ ಸಂಜೆ ನೋಡಿದ. ಗಾರೆ ಒಣಗುವವರೆಗೆ ತಾನೇ ಎಂದುಕೊಂಡನೋ ಏನೋ, ಟಿವಿ ಹಾಕಿಕೊಂಡು ಕುಳಿತ.

ಜುಲೈ 10, ಗುರುವಾರ

ಪ್ರಾಜೆಕ್ಟ್ ಕೊಟ್ಟೆ. ಬಾಗಿಲು ಮುಟ್ಟಿಲ್ಲ. ಓಕೆನಾ ಸರ್ ತುಂಬ ಹೊತ್ತು ಆಡಿದರು. ಹೊರಗೆ ಬರಲು ಆಗಲಿಲ್ಲ. ಮಾರ್ಕ್ಸ್ ಎಷ್ಟು ಎಂದು ಹೇಳಲಿಲ್ಲ. ಕೀಬೋರ್ಡಿನಿಂದ ಕೈ ತೆಗೆದರು. ಓಕೆನಾ ಅನ್ನಲೂ ಇಲ್ಲ.

ಜುಲೈ 13, ಭಾನುವಾರ, ಬೆಳಗ್ಗೆ

ಗಾರೆ ಒಣಗಿದೆ. ಹೊಸ ಬಾಗಿಲು ಕೂರಿಸಿದ್ದಾರೆ. ಚೆನ್ನಾಗಿದೆ, ಅಗಲವಾಗಿದೆ, ಸುಳ್ಳು ಯಾಕೆ ಹೇಳಲಿ.

ನಾನು ಅಪ್ಪನ ಕೋಣೆಯಲ್ಲೇ, ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಎತ್ತಿ ಹಿಡಿದು ಹಾಕಿದೆ, ಬಿತ್ತು. ಅಣ್ಣ ಹೊರಗಿದ್ದಾನೆ. ತಟ್ಟುತ್ತಿದ್ದಾನೆ. ಈ ಮನೆಗೆ ಬಂದಮೇಲೆ ಮೊದಲ ಸಲ ನನ್ನ ಬಾಗಿಲು ತಟ್ಟುತ್ತಿದ್ದಾನೆ.

‘ಬಾಗಿಲು ಅಗಲ ಆಯ್ತಲ್ಲೇ. ಇನ್ನೇನು? ಸಾಮಾನು ತಗೊಂಡು ಹೋಗು.’

ಕೂತಲ್ಲಿಂದಲೇ ಹೇಳಿದೆ.

‘ಆಯ್ತಲ್ಲ ಅಣ್ಣ. ನಿನ್ನ ಸೈಕಲ್ ಈಗ ಅಲ್ಲಿ ಹಿಡಿಯುತ್ತೆ.’

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಅತ್ತಿಗೆ ಏನೋ ಮೆಲ್ಲಗೆ ಹೇಳಿದರು. ಅವನೂ ಏನೋ ಅಂದ.

ಈಗ ಸೈಕಲ್ ಎಳೆಯುತ್ತಿದ್ದಾನೆ. ನೆಲಕ್ಕೆ ಉಜ್ಜುವ ಸದ್ದು. ಅಡುಗೆಮನೆಯ ಕಡೆಗೋ, ಇಲ್ಲ ಮತ್ತೆ ಈ ಬಾಗಿಲ ಕಡೆಗೋ, ಕೇಳಿ ಹೇಳಲು ಆಗುತ್ತಿಲ್ಲ... ತಡಿ, ಎದ್ದು ಬಾಗಿಲಿಗೆ ಕಿವಿ ಕೊಟ್ಟು —