ಮುನೆಕ್ಕನ ಕಿರುಬೆರಳು

ಕೋಲಾರದ ಹಳೇ ಗಣಿ, ನೆಲದಡಿಯ ಮೂರನೇ ಅಂತಸ್ತು
ಫೆಬ್ರವರಿ 31, 2214

ಎಲೆಕ್ಟ್ರಿಕ್ ಅಂಗಡಿಯ ಮುಂದೆ ತಪ್ಪು ಅಳತೆಯ ಕೇಬಲ್ ಗ್ಲ್ಯಾಂಡ್ ಹಿಡಿದು ಬೈಯುತ್ತಿರುವ ನನ್ನ ಹಿರಿಯರೇ,

ತಾರೀಕು ನೋಡಿ ನಗಬೇಡಿ. ಇಲ್ಲಿಗೆ ಬಿಸಿಲು ಇಳಿಯುವುದಿಲ್ಲ, ಹಾಗಾಗಿ ತಿಂಗಳನ್ನು ನಮಗೆ ಬೇಕಾದಷ್ಟು ಎಳೆದುಕೊಳ್ಳುತ್ತೇವೆ. ಮಾತುಗಳೂ ಹಾಗೇ ಕೊಂಚ ಎಳೆದಾಡಿ ಹೋಗಿವೆ. ಮುದುಕ ಪಿಳ್ಳಪ್ಪನನ್ನು ಕ್ಷಮಿಸಿ.

ಮೇಲಿನ ಸೆಕೆ ತಾಳದೆ ನಮ್ಮ ಅಜ್ಜಂದಿರು ಗಣಿಗೆ ಇಳಿದಾಗ ನಿಮ್ಮ ಕಾಲದ ಗ್ಲ್ಯಾಂಡುಗಳನ್ನು ಮೂಟೆಗಟ್ಟಲೆ ತಂದರು. ಕೇಬಲ್ಲು ಪೆಟ್ಟಿಗೆಯೊಳಗೆ ಹೋಗುವ ಕಡೆ ಅದರ ಕುತ್ತಿಗೆ ಹಿಡಿದು, ತೇವ ಒಳಗೆ ಬಿಡದ ಆ ಹಿತ್ತಾಳೆ ಬಳೆಗಳಿಂದಲೇ ನಾವಿಲ್ಲಿ ಬದುಕಿದ್ದೇವೆ. ಆದರೆ ನೀವಿಟ್ಟ ಹೆಸರುಗಳು! 'ಮುಕ್ಕಾಲಿಂಚು' ಎಂದು ಬರೆದದ್ದನ್ನು ಒಳಗೆ ಅಳೆದೆ, ಹೊರಗೆ ಅಳೆದೆ, ಬಿಚ್ಚಿ ಅಳೆದೆ. ಎಲ್ಲೂ ಮುಕ್ಕಾಲಿಲ್ಲ. ಕಾಲೇ ಇಲ್ಲದ ಈ ಮುಕ್ಕಾಲು ನಿಮ್ಮಲ್ಲಿ ಅಷ್ಟು ವರ್ಷ ಹೇಗೆ ನಡೆಯಿತೋ!

ನಾವು ಅಂಕಿ ಬಿಟ್ಟು ಬೆರಳು ಹಿಡಿದೆವು. ಯಾರ ಬೆರಳಿಗೆ ಬಿಗಿಯಾಗಿ ಕೂರುತ್ತದೋ ಅವರದೇ ಹೆಸರು. ಮೂಟೆಯಿಂದ ತೆಗೆದ ಪ್ರತಿ ಗ್ಲ್ಯಾಂಡನ್ನೂ ಆ ಬೆರಳಿನವರು ತೊಟ್ಟು ನೋಡಿ 'ಸರಿ' ಎಂದ ಮೇಲೆಯೇ ಅದು ಬೆರಳುಗೂಡು ಸೇರಬೇಕು. ಹೆಸರು ಹಚ್ಚಿದ ಡಬ್ಬಗಳ ಗೂಡು ಅದು. ಉಸಿರುಗಾಳಿಯ, ಅಂದರೆ ಮೇಲಿನಿಂದ ಗಾಳಿ ಎಳೆಯುವ ಫ್ಯಾನಿನ, ಕೇಬಲ್ಲಿಗೆ 'ಮುನೆಕ್ಕನ ಕಿರುಬೆರಳು'. ಮುನೆಕ್ಕ ನನ್ನ ಹೆಂಡತಿ.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಗ್ಲ್ಯಾಂಡು ಬೆರಳಲ್ಲಿ ಗಿರಗಿರ ತಿರುಗತೊಡಗಿತು. ತಾನು ಕರಗುತ್ತಿರುವುದು ಅವಳಿಗೆ ತಿಳಿಯಬಾರದೆಂದು ನಾನೊಂದು ಕಿತಾಪತಿ ಮಾಡಿದೆ. ಜೀವಮಾನವೆಲ್ಲ ಮಾಡಿದ್ದು ಅದನ್ನೇ ತಾನೆ. ಒಂದು ಸುತ್ತು ಸಣ್ಣದನ್ನು ತೊಡಿಸಿ 'ಸರಿ' ಅನ್ನಿಸಿ, ಅದನ್ನು ಜೇಬಿಗಿಳಿಸಿ, ಡಬ್ಬಕ್ಕೆ ಹಳೇ ಅಳತೆಯದನ್ನೇ ಹಾಕುತ್ತಿದ್ದೆ. ತಿಂಗಳು ಕಳೆದಂತೆ ಇನ್ನೂ ಸಣ್ಣದು.

ಒಂದು ದಿನ ಮರೆವಿನಲ್ಲಿ ಜೇಬಿನವನ್ನೇ ಖಾಲಿ ಡಬ್ಬಕ್ಕೆ ಸುರಿದೆ. ಬಾಣಂತಿಯರ ಕೋಣೆಯ ಉಸಿರುಗಾಳಿಗೆ ಕೇಬಲ್ ಬದಲಿಸುವಾಗ ಒಂದರಲ್ಲೂ ಅದು ತೂರಲಿಲ್ಲ. ಫ್ಯಾನು ನಿಂತಿತು. ಕೂಸುಗಳನ್ನು ಎತ್ತಿಕೊಂಡು ಬಾಣಂತಿಯರೆಲ್ಲ ನಮ್ಮ ಬಾಗಿಲಿಗೇ ಬಂದರು.

"ಇದ್ಯಾವ ಮುನೆಕ್ಕನ ಬೆರಳು ತಾತ? ನಿನ್ ತಲೆ!" ಎಂದು ಒಬ್ಬಳು ಗ್ಲ್ಯಾಂಡನ್ನು ನನ್ನ ಮುಂದೆ ಎಸೆದಳು.

ಅದು ಉರುಳಿ ಮುನೆಕ್ಕನ ಮಂಚದ ಕಾಲಿಗೆ ತಾಕಿತು. ಬಾಯಿಬಿಡಲೇಬೇಕಾಯಿತು. ಎಲ್ಲ ಹೇಳಿ, ಅವಳ ಮುಖ ನೋಡಲಾರದೆ ನಿಂತೆ. ಅವಳು ನಕ್ಕಳು.

"ನನ್ ಬೆರಳು ನಂಗೆ ಗೊತ್ತಾಗಲ್ವೇನಯ್ಯ? ಬಳೆ ಜಾರಿ ಎಷ್ಟು ದಿನ ಆಯ್ತು! ನಿನ್ ಆಟ ಕೆಡಿಸೋದ್ಯಾಕೆ ಅಂತ ಸುಮ್ನಿದ್ದೆ. ಮೊದ್ಲು ಹೋಗಿ ಆ ಮಕ್ಕಳಿಗೆ ಗಾಳಿ ಕೊಡು."

ಹೊರಟವನನ್ನು ಮತ್ತೆ ಕರೆದಳು. "ಆ ಸಣ್ಣವನ್ನ ಎಸೀಬೇಡ. ಅದೂ ನಾನೇ."

ಅವಳು ಹೋಗಿ ಆರು ತಿಂಗಳಾಯಿತು. ಬೆರಳುಗೂಡಿನಲ್ಲಿ ಈಗ 'ಮುನೆಕ್ಕನ ಕಿರುಬೆರಳು' ಎಂಬ ಮೂರು ಡಬ್ಬಗಳಿವೆ, ಮೂರರ ಅಳತೆಯೂ ಬೇರೆ. ಹೊಸ ಹುಡುಗಿಯರು ತಪ್ಪು ಡಬ್ಬಕ್ಕೆ ಕೈಹಾಕಿ ನಿಮ್ಮ ಹಾಗೇ ಬೈಯುತ್ತಾರೆ. ನಾನು ಸರಿಯಾದ ಡಬ್ಬ ತೆಗೆದುಕೊಡುತ್ತೇನೆ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಮುಕ್ಕಾಲೂ ಎಂದೋ ಕೇಬಲ್ಲು ಹಾಯಿಸುವ ಯಾವುದೋ ಪೈಪಿಗೆ ಸರಿಯಾಗಿಯೇ ಇದ್ದಿರಬೇಕು. ಪೈಪು ಬದಲಾಯಿತು, ಹೆಸರು ಬಿಡಲು ಯಾರಿಗೋ ಮನಸ್ಸಾಗಲಿಲ್ಲ. ಬೈಯಿರಿ, ಬೇಡವೆನ್ನುವುದಿಲ್ಲ. ಆದರೆ ಅಂಗಡಿಗೆ ಹಿಂತಿರುಗಿಸುವ ಮೊದಲು ಅದನ್ನೊಮ್ಮೆ ಮನೆಗೆ ಒಯ್ದು, ನಿಮ್ಮವರ ಬೆರಳಿಗೆ ತೊಡಿಸಿ ನೋಡಿ. ಬಿಗಿಯಾಗಿ ಕೂತರೆ, ಬೇಗ ತೆಗೆಯಬೇಡಿ.

ನಿಮಗಿನ್ನೂ ಹುಟ್ಟದ,
ಪಿಳ್ಳಪ್ಪ