ಪುಸ್ತಕದಲ್ಲಿಲ್ಲದ ತೆಂಗಿನಕಾಯಿ

ಕಿರಿಮಂಜೇಶ್ವರ
ಮೇ 2008

ಮಕ್ಕಳಿಗಾಗಿ ಆಟಗಾರರ ಕಥೆ ಬರೆಯುವ ಶ್ರೀಕರ ಮಾಸ್ತರಿಗೆ,

ತೀರಿಹೋದ ನನ್ನ ತಮ್ಮ, ಈಜುಗಾರ ವಿಷ್ಣುಮೂರ್ತಿಯ ಮೇಲೆ ಪುಸ್ತಕ ಬರೆದಿರಿ. ಎಂಟು ವರ್ಷಕ್ಕೇ ಹೊಳೆ ದಾಟಿದ ಎಂದಿರಿ. ಮುಳುಗದೆ ತೇಲಲೆಂದು ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ದಾಟಿದ್ದನ್ನು ಯಾಕೆ ಬಿಟ್ಟಿರಿ? ಕಟ್ಟಿದವಳು ನಾನೇ ಎಂದು ಹೇಳಿದ್ದೆನಲ್ಲ! ಕಾಯಿಯ ವಿಷಯ ಬರೆದಿದ್ದರೆ ನಿಮ್ಮ ವೀರ ಸಣ್ಣವನಾಗುತ್ತಿದ್ದನೋ?

ನಿನ್ನೆ ಮೊಮ್ಮಗಳು ಶ್ರಾವ್ಯ ನಾನು ಕಟ್ಟಿದ ಕಾಯಿ ಬಿಚ್ಚಿ ಎಸೆದು ಹೊಳೆಗಿಳಿದಳು. ದೋಣಿಯವರು ಎಳೆದು ತಂದರು. ಗದರಿದರೆ, "ನಿಂಗೆಂತ ಗೊತ್ತಿತ್ ಅಮ್ಮಮ್ಮ? ಪುಸ್ತಕದಗೆ ಕಾಯಿಯೇ ಇಲ್ಲ" ಅಂತಾಳೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮಾತು ಯಾರಿಗೆ ಬೇಕು?

ಪತ್ರ ಸಿಕ್ಕಿದ ದಿನವೇ ಬ್ರಹ್ಮಾವರದಿಂದ ಬಸ್ಸು ಹತ್ತಿ ಬನ್ನಿ. ಬರೆದವರೇ ಅವಳಿಗೆ ನಿಜ ಹೇಳಿ. ಮಳೆ ಬಂದರೆ ಹೊಳೆ ತುಂಬುತ್ತದೆ.

ಅಲ್ಲಿಯವರೆಗೆ ನಾನು ದಡದಲ್ಲಿ ಕಾವಲು ಕೂತಿರುತ್ತೇನೆ. ನನಗೆ ಈಜು ಬಾರದು.

ಪಂಕಜಾಕ್ಷಿ